ಒಲ್ಲೆನೆಂಬುದೂ ಆರೆನೆಂಬುದೂ

ತಾವು ಈ ಮಾತಿಗೆ ಗಮನ ಕೊಟ್ಟಿರುವ ಈ ಹೊತ್ತಿನಲ್ಲಿ ಅಡಿಗೆಮನೆಯಲ್ಲಿ ಕುಕ್ಕರು ಕೂಗುತ್ತಿರಬಹುದು. ಬೀದಿಯಲ್ಲಿ ಸೊಪ್ಪು ಮಾರುವವಳು ಹೋಗುತ್ತಿರಬಹುದು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿರಬಹುದು. ಆದರೂ ಅವುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ ತಾವು ನನ್ನ ಕಡೆ ಮನಸ್ಸಿಟ್ಟಿದ್ದೀರಿ. ಇದಕ್ಕಾಗಿ ತಾವು ಹೆಚ್ಚಿನ ಶ್ರಮವನ್ನೇನೂ ಪಡಲಿಲ್ಲ. ಮನಸ್ಸಿನ ಬಾಗಿಲಲ್ಲಿ ಕಾವಲುಗಾರನೊಬ್ಬ ನಿಂತು, 'ನೀನು ಒಳಗೆ ಬಾ, ನೀನು ಆಮೇಲೆ ಬಾ' ಎಂದು ವಿಂಗಡಿಸಿ ಬಿಡುತ್ತಿರುವಂತೆ ಈ ಕೆಲಸ ತಾನಾಗಿ ನಡೆದುಹೋಗುತ್ತದೆ. ನಮ್ಮ ಹಿರಿಯರು ಇದನ್ನು ಅವಧಾನವೆಂದು ಕರೆದರು. ಎಂಟು ಜನ ಎಂಟು ಕಡೆಯಿಂದ ಪ್ರಶ್ನೆ ಹಾಕಿದರೂ ಒಂದನ್ನೂ ಮರೆಯದೆ ಉತ್ತರ ಹೇಳುವ ಅಷ್ಟಾವಧಾನಿಯನ್ನು ಕಂಡು ನಾವು ತಲೆದೂಗುತ್ತೇವೆ. ಆದರೆ ಕಾವಲುಗಾರನು ಆಗಾಗ ತೂಕಡಿಸುವ ಮನಸ್ಸೂ ಉಂಟು. ಅಂಥ ಮನಸ್ಸಿಗೆ ಎಂಟರ ಮಾತು ಹಾಗಿರಲಿ, ಒಂದರ ಅವಧಾನವೇ ಒಂದು ಸಾಹಸ. ಅಂಥ ಮನಸ್ಸುಳ್ಳ ಮಕ್ಕಳನ್ನು ಶಾಲೆಯಲ್ಲಿ ನಾವು ಹೇಗೆ ನಡೆಸಿಕೊಳ್ಳಬೇಕೆಂಬುದೇ ಇಂದಿನ ನನ್ನ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಪಂಡಿತ ಶಿಕ್ಷಣ ಪಡೆದು ಸುಮಾರು ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿರುವ ಮೇಷ್ಟರು. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅಧಿಕಾರ ಒಂದೇ: ಇದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ.

೧೯೯೯ನೆಯ ಇಸವಿ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಅವನ ತಂದೆ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ನಾನು ಹಲಗೆಯ ಮೇಲೆ 'ಊರೂರು' ಎಂದು ಬರೆದು ಹಿಂದಿರುಗುವ ಮೊದಲೇ ಹಿಂದಿನ ಬೆಂಚಿನಿಂದ 'ಲೋಪಸಂಧಿ ಸಾರ್' ಎಂದು ಕೂಗು ಬರುತ್ತಿತ್ತು. ಉತ್ತರವೇನೋ ಸರಿಯೇ. ಆದರೆ ಅದೇ ಹುಡುಗನ ಪುಸ್ತಕ ತೆಗೆದು ನೋಡಿದರೆ ಮೊದಲ ನಾಲ್ಕು ಸಾಲು ಮುತ್ತು ಪೋಣಿಸಿದಂತೆ, ಐದನೆಯ ಸಾಲಿನಿಂದ ಕಾಗೆಯ ಕಾಲು, ಹತ್ತನೆಯ ಸಾಲಿನಿಂದ ಬರಿಯ ಬಿಳಿಯ ಹಾಳೆ. ಪರೀಕ್ಷೆಯ ಕಾಗದವೂ ಹಾಗೆಯೇ. ಮುಂದಿನರ್ಧ ತುಂಬಿರುತ್ತಿತ್ತು, ಹಿಂದಿನರ್ಧ ಖಾಲಿ. ತಿಂಗಳಿಗೆ ಮೂರು ಪೆನ್ನು ಕಳೆಯುತ್ತಿದ್ದ. ಕುಳಿತಲ್ಲಿ ಕೂರುತ್ತಿರಲಿಲ್ಲ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಒಂದೇ ವಾಕ್ಯವನ್ನು ನೂರು ಸಲ ಬರೆಸಿದೆ. ಅವನು ನೂರು ಸಲ ಬರೆದದ್ದೇ ಇಲ್ಲ. ಮೂವತ್ತಕ್ಕೋ ನಲವತ್ತಕ್ಕೋ ನಿಲ್ಲಿಸುತ್ತಿದ್ದ. ಅದಕ್ಕೆ ಮತ್ತೊಂದು ಶಿಕ್ಷೆ.

ಕೊನೆಗೆ ತಂದೆಯನ್ನು ಕರೆಸಿದೆ. 'ಹುಡುಗನಿಗೆ ಬುದ್ಧಿಯಿಲ್ಲವೆಂದಲ್ಲ ಯಜಮಾನರೇ, ಬೇಕಾದಷ್ಟಿದೆ. ಮಾಡಲು ಒಲ್ಲ. ಸೋಮಾರಿ' ಎಂದೆ. ಅವರು ಮೈಮೇಲೆಲ್ಲ ಹಿಟ್ಟಿನ ಧೂಳಿರುವಾಗಲೇ ಬಂದಿದ್ದರು. ಶಾಲೆಯ ಜಗಲಿಯ ಮೇಲೆ, ನನ್ನ ಎದುರಿಗೇ, ಮಗನನ್ನು ಹೊಡೆದರು. ನಾನು ತಡೆಯಲಿಲ್ಲ. ಹುಡುಗ ಅಳುತ್ತ ಹೇಳಿದ್ದು ಒಂದೇ ಮಾತು: 'ಮಾಡ್ಬೇಕು ಅಂತ್ಲೇ ಕೂತ್ಕೋತೀನಿ ಸಾರ್, ಆಗೋದೇ ಇಲ್ಲ.' ಇದು ತಪ್ಪಿಸಿಕೊಳ್ಳುವ ನೆಪವೆಂದು ನಾನು ತಿಳಿದೆ. ದಸರಾ ರಜೆ ಕಳೆದ ಮೇಲೆ ಆ ಹುಡುಗ ಶಾಲೆಗೆ ಬರಲಿಲ್ಲ.

ಈಗ ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ. ಕನ್ನಡದಲ್ಲಿ 'ಇಲ್ಲ' ಎನ್ನುವುದಕ್ಕೆ ಅನೇಕ ಬಗೆಗಳಿವೆ. 'ಬರೆಯಲರಿಯ' ಎಂದರೆ ಬರೆಯುವ ರೀತಿ ಅವನಿಗೆ ತಿಳಿಯದು. 'ಬರೆಯಲೊಲ್ಲ' ಎಂದರೆ ಅವನಿಗೆ ಮನಸ್ಸಿಲ್ಲ. 'ಬರೆಯಲಾರ' ಎಂದರೆ ತಿಳಿದಿದೆ, ಮನಸ್ಸೂ ಇದೆ, ಆದರೆ ಅವನಿಂದ ಆಗದು. ಮೂವರ ಪುಸ್ತಕವೂ ಖಾಲಿಯೇ. ಕಾರಣ ಮಾತ್ರ ಬೇರೆ ಬೇರೆ. ಅರಿಯದವನಿಗೆ ಪಾಠ ಬೇಕು. ಒಲ್ಲದವನಿಗೆ ಒಲವು ಹುಟ್ಟಿಸಬೇಕು, ಬೇಕಾದರೆ ಗದರಬೇಕು. ಆರದವನಿಗೆ ಆಸರೆ ಬೇಕು. ಈ ಭೇದವನ್ನು ವರ್ಷ ವರ್ಷವೂ ಹಲಗೆಯ ಮೇಲೆ ಬರೆದು ಬೋಧಿಸಿದ ನಾನು, ಬೆಂಚಿನ ಮೇಲೆ ನಿಂತಿದ್ದ ಹುಡುಗನಲ್ಲಿ ಅದನ್ನು ಗುರುತಿಸದೆ ಹೋದೆ. ಅವನು ತನ್ನ ಬಾಯಿಂದಲೇ 'ಆಗೋದಿಲ್ಲ' ಎಂದು ಹೇಳಿದ್ದರೂ ನನಗೆ 'ಒಲ್ಲೆ' ಎಂದೇ ಕೇಳಿಸಿತು.

ಎಷ್ಟೋ ವರ್ಷಗಳ ಮೇಲೆ ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕಿಯೊಬ್ಬರು ತಮ್ಮ ಮಗಳ ಚಿಂತೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಿಬಂದರು. ಅಲ್ಲಿ ತಿಳಿದುಕೊಂಡದ್ದನ್ನು ಅವರು ನಮ್ಮೊಡನೆ ಹಂಚಿಕೊಂಡಾಗಲೇ ಈ ತೊಂದರೆಗೆ ಒಂದು ಹೆಸರಿದೆಯೆಂದು ನನಗೆ ತಿಳಿದದ್ದು. ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು.

ಇದು ನಿನ್ನೆ ಮೊನ್ನೆ ಹುಟ್ಟಿದ ಹೊಸ ಕಾಯಿಲೆಯಲ್ಲ, ಮೊಬೈಲು ತಂದಿತ್ತ ಬಳುವಳಿಯೂ ಅಲ್ಲ. ೧೭೯೮ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್ ಎಂಬಾತ ಅವಧಾನದ ದೋಷಗಳ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದ. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟ. ಆದರೆ ಅವನು ಅದನ್ನು 'ನೈತಿಕ ನಿಯಂತ್ರಣದ ದೋಷ' ಎಂದು ಕರೆದ. ಅಷ್ಟು ದೊಡ್ಡ ವೈದ್ಯನಿಗೂ ಅದು ನೀತಿಯ ವಿಷಯವಾಗಿ ಕಂಡಿತೆಂದ ಮೇಲೆ ನನ್ನಂಥ ಮೇಷ್ಟರ ಪಾಡೇನು! ಹೆಸರುಗಳು ಹಲವು ಬಾರಿ ಬದಲಾಗಿ, ೧೯೮೭ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈಗಿನ ಹೆಸರು ಬಂದಿತು.

ಆ ಕೈಪಿಡಿ ಅವಧಾನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳನ್ನೂ, ಚಾಂಚಲ್ಯ ಮತ್ತು ಆತುರಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳನ್ನೂ ಪಟ್ಟಿಮಾಡುತ್ತದೆ. ಮಾತನಾಡಿಸಿದರೆ ಕೇಳಿಸಿಕೊಳ್ಳದಂತಿರುವುದು, ಹಿಡಿದ ಕೆಲಸವನ್ನು ನಡುವೆ ಬಿಡುವುದು, ಸಾಮಾನು ಕಳೆಯುವುದು ಮೊದಲನೆಯ ಗುಂಪಿಗೆ ಸೇರಿದವು. ಕೈಕಾಲು ಆಡಿಸುತ್ತಿರುವುದು, ಎದ್ದೆದ್ದು ಹೋಗುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ತನ್ನ ಸರದಿಗೆ ಕಾಯದಿರುವುದು ಎರಡನೆಯದಕ್ಕೆ ಸೇರಿದವು. ಇವೆಲ್ಲ ಯಾವ ಮಗುವಿನಲ್ಲಿ ಇಲ್ಲವೆಂದು ತಾವು ಕೇಳಬಹುದು. ನಿಜ. ಆದುದರಿಂದಲೇ ಕಟ್ಟುಪಾಡು ಬಿಗಿಯಾಗಿದೆ. ಶಾಲೆಯ ಮಗುವಿನಲ್ಲಿ ಒಂದು ಗುಂಪಿನ ಒಂಬತ್ತರಲ್ಲಿ ಆರಾದರೂ ಲಕ್ಷಣಗಳಿರಬೇಕು. ಆರು ತಿಂಗಳಾದರೂ ಇದ್ದಿರಬೇಕು. ಹನ್ನೆರಡು ವರ್ಷಕ್ಕೆ ಮೊದಲೇ ಕೆಲವು ಕಾಣಿಸಿಕೊಂಡಿರಬೇಕು. ಮನೆಯಲ್ಲಿ ಮಾತ್ರವೇ ಅಥವಾ ಶಾಲೆಯಲ್ಲಿ ಮಾತ್ರವೇ ಆಗಿರದೆ ಎರಡು ಕಡೆಯಾದರೂ ಕಾಣಬೇಕು. ಮಗುವಿನ ಓದು ಬಾಳುವೆಗೆ ಅದರಿಂದ ತೊಡಕಾಗುತ್ತಿರಬೇಕು. ನೂರು ಮಕ್ಕಳಲ್ಲಿ ಸುಮಾರು ಐವರಲ್ಲಿ ಈ ತೊಂದರೆಯಿರುತ್ತದೆಂದು ತಿಳಿದವರ ಲೆಕ್ಕ. ಐವತ್ತು ಮಕ್ಕಳ ಒಂದು ತರಗತಿಗೆ ಇಬ್ಬರು ಅಥವಾ ಮೂವರಾಯಿತು.

ಕಾರಣವೇನು? ತಾಯಿಯ ಮುದ್ದಲ್ಲ, ತಂದೆಯ ಸಡಿಲವಲ್ಲ, ಸಕ್ಕರೆ ಮಿಠಾಯಿಯೂ ಅಲ್ಲ. ಬಹುಮಟ್ಟಿಗೆ ಇದು ವಂಶದಲ್ಲಿ ಹರಿದು ಬರುವಂಥದು. ಎತ್ತರ ಬಣ್ಣಗಳು ಬಂದ ಹಾಗೆ ಬರುತ್ತದೆ. ೨೦೦೭ರಲ್ಲಿ ಅಮೆರಿಕದ ವಿಜ್ಞಾನಿಗಳು ಮಕ್ಕಳ ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿ ನೋಡಿದಾಗ, ಈ ಮಕ್ಕಳ ಮಿದುಳಿನ ಹೊರಪದರ ಇತರರಂತೆಯೇ ಅದೇ ಕ್ರಮದಲ್ಲಿ ಬೆಳೆಯುತ್ತಿದ್ದರೂ ಸರಾಸರಿ ಮೂರು ವರ್ಷದಷ್ಟು ಹಿಂದಿದೆಯೆಂದು ಕಂಡುಬಂದಿತು. ತಡೆದು ನಿಲ್ಲುವ, ಮುಂದಾಲೋಚಿಸುವ ಕೆಲಸ ಮಾಡುವ ಮುಂಭಾಗದಲ್ಲಿ ಈ ತಡ ಹೆಚ್ಚು. ಹದಿಮೂರು ವರ್ಷದ ಹುಡುಗನಲ್ಲಿ ಆ ಒಂದು ಶಕ್ತಿ ಮಾತ್ರ ಹತ್ತು ವರ್ಷದವನಷ್ಟಿರಬಹುದೆಂದು ಸ್ಥೂಲವಾಗಿ ಇಟ್ಟುಕೊಳ್ಳಿ. ಹತ್ತು ವರ್ಷದ ಮಗುವಿಗೆ ನಾವು ಹೊರಿಸದ ಹೊರೆಯನ್ನು ಅವನ ಮೇಲೆ ಹೊರಿಸಿ, ಬಗ್ಗಿದನೆಂದು ಹೊಡೆಯುವುದು ನ್ಯಾಯವೆ?

'ಸಿನಿಮಾ ಎಂದರೆ ಮೂರು ಗಂಟೆ ಅಲುಗಾಡದೆ ಕೂರುತ್ತಾನಲ್ಲ, ಪುಸ್ತಕ ಹಿಡಿದರೆ ಮಾತ್ರ ಏನು ಬರುತ್ತದೆ?' ಎಂದು ತಂದೆತಾಯಿಗಳು ಕೇಳುತ್ತಾರೆ. ನನ್ನನ್ನೂ ದಾರಿ ತಪ್ಪಿಸಿದ್ದು ಈ ಪ್ರಶ್ನೆಯೇ. ಈ ಮಕ್ಕಳಿಗೆ ಅವಧಾನವೇ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆಗೆ ತಿರುಗಿಸುವುದು ಕಷ್ಟ. ಎತ್ತು ಬಲವಾಗಿಯೇ ಇದೆ. ಮೂಗುದಾರ ಕೈಗೆ ಸಿಗುತ್ತಿಲ್ಲ. ಹಸುರು ಕಂಡಲ್ಲಿಗೆ ಎತ್ತು ತಾನಾಗಿ ಹೋಗುತ್ತದೆ. ಉಳುವ ಸಾಲಿಗೆ ತರುವುದರಲ್ಲಿ ಕಷ್ಟವಿರುವುದು.

ಇನ್ನೊಂದು ಮಾತು. ಗದ್ದಲ ಮಾಡುವ ಹುಡುಗನೇನೋ ನಮ್ಮ ಕಣ್ಣಿಗೆ ಬೀಳುತ್ತಾನೆ. ಮೇಲೆ ಹೇಳಿದ ಅಧ್ಯಾಪಕಿಯವರ ಮಗಳು ಗದ್ದಲದವಳಲ್ಲ. ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ಎಲ್ಲಿಯೋ ಇರುತ್ತಿದ್ದಳು. 'ಸಾಧು ಹುಡುಗಿ, ಸ್ವಲ್ಪ ಮಂದ' ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಹೆಣ್ಣುಮಕ್ಕಳಲ್ಲಿ ಈ ಮೌನದ ಬಗೆಯೇ ಹೆಚ್ಚಾದುದರಿಂದ ಅನೇಕರು ಗಮನಕ್ಕೆ ಬಾರದೆಯೇ ಶಾಲೆ ಮುಗಿಸುತ್ತಾರೆ.

ಇನ್ನು ನನ್ನ ಕತೆಯ ಎರಡನೆಯ ಭಾಗಕ್ಕೆ ಬರುತ್ತೇನೆ. ೨೦೨೨ರ ಜೂನ್ ತಿಂಗಳಲ್ಲಿ ಒಬ್ಬರು ಎಂಟನೆಯ ತರಗತಿಯ ಮಗನನ್ನು ಕರೆದುಕೊಂಡು ಶಾಲೆಗೆ ಬಂದರು. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವರು, ಕೈಯಲ್ಲಿ ಗ್ರೀಸು. ಮೊದಲು ನನಗೆ ಗುರುತು ಸಿಗಲಿಲ್ಲ. 'ಗಿರಣಿಯವರ ಮಗ ಸಾರ್ ನಾನು' ಎಂದಾಗ ಸಿಕ್ಕಿತು. ಆಮೇಲೆ ಅವನು ಹೇಳಿದ: 'ಇವನೂ ನನ್ನ ಹಾಗೇ ಸಾರ್. ಬುದ್ಧಿ ಇದೆ, ಸೋಮಾರಿ. ನಾಲ್ಕು ಬಿಟ್ಟು ದಾರಿಗೆ ತನ್ನಿ.'

ನನ್ನ ಮಾತೇ, ಇಪ್ಪತ್ತಮೂರು ವರ್ಷಗಳ ಮೇಲೆ, ನನ್ನ ಎದುರಿಗೆ ಬಂದು ನಿಂತಿತ್ತು. ಅದನ್ನು ಅವನು ನಂಬಿಕೊಂಡೇ ಬೆಳೆದಿದ್ದ. ಈಗ ಮಗನಿಗೂ ಹಂಚುತ್ತಿದ್ದ. ಹುಡುಗನನ್ನು ಸೀಮೆಸುಣ್ಣ ತರಲು ಕಳಿಸಿ, 'ಅಪ್ಪಾ, ಅವತ್ತು ನಾನು ಹೇಳಿದ್ದು ತಪ್ಪು. ನೀನು ಸೋಮಾರಿಯಾಗಿರಲಿಲ್ಲ. ನಿನಗೆ ಆಗುತ್ತಿರಲಿಲ್ಲ, ನನಗೆ ತಿಳಿಯಲಿಲ್ಲ' ಎಂದೆ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಇವನಿಗಾದರೂ ನೋಡಿ ಸಾರ್' ಎಂದ.

ಮೊದಲು ನಾನು ಹೇಳಿದ್ದು ಆಸ್ಪತ್ರೆಗೆ ಹೋಗಲು. ಇದು ಇಂಥ ತೊಂದರೆಯೆಂದು ತೀರ್ಮಾನ ಹೇಳುವುದು ಮೇಷ್ಟರ ಕೆಲಸವಲ್ಲ. ಕಿವಿ ಮಂದವಾಗಿದ್ದರೂ, ಕಣ್ಣು ಕಾಣದಿದ್ದರೂ, ನಿದ್ರೆ ಸಾಲದಿದ್ದರೂ, ಮನೆಯಲ್ಲಿ ಕಲಹವಿದ್ದರೂ ಮಗು ಪಾಠದಲ್ಲಿ ಮನಸ್ಸಿಡದು. ನಾವು ಮಾಡಬಹುದಾದುದು ಕಂಡದ್ದನ್ನು ಕಂಡ ಹಾಗೆ ಬರೆದುಕೊಡುವುದು. 'ತುಂಟ' ಎಂದು ಬರೆದರೆ ವೈದ್ಯರಿಗೆ ಉಪಯೋಗವಿಲ್ಲ. 'ಒಂದು ಪೀರಿಯಡ್ಡಿನಲ್ಲಿ ಆರು ಸಲ ಎದ್ದ' ಎಂದು ಬರೆದರೆ ಉಪಯೋಗವಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಪರೀಕ್ಷಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ದಾರಿ ತೋಚದವರು ೨೦೨೨ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ, ೧೪೪೧೬ಕ್ಕೆ, ಫೋನು ಮಾಡಿ ಕೇಳಬಹುದು.

ಔಷಧಿಯ ಮಾತು ಬಂದರೆ ಜನ ಬೆಚ್ಚುತ್ತಾರೆ. ೧೯೩೭ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ಮೂವತ್ತು ಮಕ್ಕಳಿಗೆ ಒಂದು ಔಷಧಿ ಕೊಟ್ಟಾಗ ಸುಮಾರು ಅರ್ಧದಷ್ಟು ಮಕ್ಕಳ ಓದು ಕೂಡಲೇ ಸುಧಾರಿಸಿದ್ದನ್ನು ಕಂಡ. ಅಂದಿನಿಂದ ಈ ದಾರಿಯಲ್ಲಿ ಬಹಳ ಶೋಧನೆ ನಡೆದಿದೆ. ಹಲವರಿಗೆ ಗುಣ ಕಾಣುತ್ತದೆ. ಕೆಲವರಿಗೆ ಹಸಿವು, ನಿದ್ರೆ ಕಡಿಮೆಯಾಗುತ್ತದೆ. ಬೇಕೇ ಬೇಡವೇ ಎಂಬುದು ವೈದ್ಯರಿಗೂ ತಂದೆತಾಯಿಗಳಿಗೂ ಬಿಟ್ಟದ್ದು. ಆದರೆ ಔಷಧಿ ಕಾವಲುಗಾರನನ್ನು ಎಚ್ಚರಿಸಬಹುದೇ ಹೊರತು ಸಂಧಿ ಸಮಾಸಗಳನ್ನು ಕಲಿಸಲಾರದು. ಅದು ನಮ್ಮ ಕೆಲಸ.

ಆ ಕೆಲಸದಲ್ಲಿ ನಾವು ಮಾಡಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದು ಜಾಗ. ಹುಡುಗನನ್ನು ಬಾಗಿಲು ಕಿಟಕಿಗಳಿಂದ ದೂರ, ಮುಂದಿನ ಸಾಲಿನಲ್ಲಿ, ಸಮಾಧಾನಿಯಾದ ಒಬ್ಬ ಹುಡುಗನ ಪಕ್ಕದಲ್ಲಿ ಕೂರಿಸಿದೆವು. ಶಿಕ್ಷೆಯೆಂದಲ್ಲ, ನನಗೆ ಹತ್ತಿರವಿರಲೆಂದು. ಎರಡನೆಯದು ಮಾತು. 'ಪುಸ್ತಕ ತೆಗೆದು, ನಲವತ್ತನೆಯ ಪುಟ ನೋಡಿ, ಮೂರನೆಯ ಪ್ರಶ್ನೆಗೆ ಉತ್ತರ ಬರೆದು ತನ್ನಿ' ಎಂದು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ಬಿಟ್ಟೆ. ಒಂದು ಸಲಕ್ಕೆ ಒಂದೇ ಕೆಲಸ. ಅದನ್ನೂ ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಮೂರನೆಯದು ತುತ್ತು. ಹತ್ತು ಪ್ರಶ್ನೆಗಳನ್ನು ಮೂರು, ಮೂರು, ನಾಲ್ಕಾಗಿ ಮುರಿದು, ಒಂದೊಂದು ತುಂಡು ಮುಗಿದಾಗಲೂ ತಂದು ತೋರಿಸಲು ಹೇಳಿದೆ. ಇದರಿಂದ ಅವನಿಗೆ ಎದ್ದು ಬರಲು ನ್ಯಾಯವಾದ ಅವಕಾಶವೂ ಸಿಕ್ಕಿತು. ಪುಸ್ತಕ ಹಂಚುವುದು, ಹಲಗೆ ಒರೆಸುವುದು ಅವನ ಪಾಲಿಗೆ ಬಂದವು. ಏಳಲೇಬೇಕಾದವನಿಗೆ ಏಳುವ ಕೆಲಸ ಕೊಡುವುದು ಜಾಣತನ.

ನಾಲ್ಕನೆಯದು ಹೊಗಳಿಕೆ. ಈ ಮಕ್ಕಳಿಗೆ ತಿಂಗಳ ಕೊನೆಯ ಬಹುಮಾನ ಕಾಶಿಯಷ್ಟು ದೂರ. ಸರಿ ಮಾಡಿದುದನ್ನು ಮಾಡಿದ ಗಳಿಗೆಯಲ್ಲಿಯೇ ಹೇಳಬೇಕು: 'ಇವತ್ತು ಕೈಯೆತ್ತಿ ಕಾದೆ, ಭೇಷ್.' ತಿದ್ದುವುದಿದ್ದರೆ ಹತ್ತಿರ ಹೋಗಿ ಎರಡು ಮಾತು. ನಲವತ್ತು ಜನರ ಮುಂದೆ ಉಪನ್ಯಾಸವಲ್ಲ. ಐದನೆಯದು ದಿನದ ಚೀಟಿ. ಮೂರೇ ಅಂಶ: ಸರದಿಗೆ ಕಾದನೇ, ಕೆಲಸ ಮುಗಿಸಿದನೇ, ಪೆನ್ನು ಮನೆಗೆ ಹೋಯಿತೇ. ನಾನು ಗುರುತು ಹಾಕಿ ಕಳಿಸುತ್ತಿದ್ದೆ. ಎರಡು ಸರಿಯಿದ್ದರೆ ಸಂಜೆ ತಂದೆಯ ಅಂಗಡಿಯಲ್ಲಿ ಒಂದು ಗಂಟೆ ಮೋಟಾರಿನ ಕೆಲಸ. ಮೊದಲು ನಾವು ಗೋಡೆಯ ಮೇಲೆ ನಕ್ಷತ್ರದ ಚೀಟಿ ಅಂಟಿಸಿ ನೋಡಿದ್ದೆವು. ಎರಡೇ ವಾರಕ್ಕೆ ಅದು ಹಳಸಿತು. ಅವನಿಗೆ ಬೇಕಾದುದು ಮೋಟಾರು, ನಕ್ಷತ್ರವಲ್ಲ.

ಉಳಿದ ಮಕ್ಕಳು ಕೇಳಿದರು: 'ಅವನಿಗೆ ಮಾತ್ರ ಯಾಕೆ ಸಾರ್?' ಇದು ಪಂಕ್ತಿಭೇದವೆಂದು ಅವರ ಆಕ್ಷೇಪಣೆ. ನಾನು ಹೇಳಿದೆ: ಹಬ್ಬದ ಪಂಕ್ತಿಯಲ್ಲಿ ಜ್ವರದಿಂದ ಎದ್ದವನಿಗೆ ಗಂಜಿ ಬಡಿಸಿದರೆ ಯಾರೂ ಪಂಕ್ತಿಭೇದವೆನ್ನುವುದಿಲ್ಲ, ಎಲ್ಲರ ಹೊಟ್ಟೆಯೂ ತುಂಬಬೇಕೆಂಬುದೇ ಅಲ್ಲಿನ ಸಮಾನತೆ. ಮಕ್ಕಳು ಒಪ್ಪಿದರು. ಒಪ್ಪಲು ಕಷ್ಟವಾದದ್ದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ. ದಂಡಂ ದಶಗುಣಂ ಎಂಬುದು ನಮ್ಮ ರಕ್ತಕ್ಕೆ ಇಳಿದಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಕಾಯಿದೆ ಬೆತ್ತವನ್ನು ಕಸಿಯಬಹುದು. 'ಸೋಮಾರಿ' ಎಂಬ ಮಾತನ್ನು ನಾವೇ ನಾಲಗೆಯಿಂದ ಕೆಳಗಿಳಿಸಬೇಕು. ಬೆತ್ತದ ಬರೆ ವಾರಕ್ಕೆ ಮಾಯುತ್ತದೆ. ಈ ಮಾತು ಇಪ್ಪತ್ತಮೂರು ವರ್ಷ ಬಾಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಂದೆತಾಯಿಗಳಿಗೂ ಒಂದೆರಡು ಮಾತು. ಶಾಲೆಯ ಚೀಲವನ್ನು ರಾತ್ರಿಯೇ ಸಿದ್ಧಮಾಡಿಸಿ, ಬಾಗಿಲ ಬಳಿ ಒಂದೇ ಜಾಗದಲ್ಲಿ ಇಡಿಸಿರಿ. ಮನೆಪಾಠಕ್ಕೆ ಟಿ.ವಿ. ಮೊಬೈಲುಗಳಿಲ್ಲದ ಒಂದು ಮೂಲೆ, ಒಂದು ಗೊತ್ತಾದ ಹೊತ್ತು ಇರಲಿ. ಹದಿನೈದು ನಿಮಿಷ ಓದು, ಐದು ನಿಮಿಷ ಓಡಾಟ. ನಿದ್ರೆಗೆ ಕೊರತೆಯಾಗದಿರಲಿ. ಅಣ್ಣನನ್ನೋ ಪಕ್ಕದ ಮನೆಯವನನ್ನೋ ತೋರಿಸಿ ಹೋಲಿಸಬೇಡಿರಿ. ದಿನಕ್ಕೊಮ್ಮೆಯಾದರೂ ಅವನು ಸರಿಯಾಗಿ ಮಾಡಿದ ಒಂದು ಕೆಲಸವನ್ನು ಹುಡುಕಿ ಹೇಳಿರಿ. ಹುಡುಕಬೇಕಾಗಬಹುದು, ಸಿಗುತ್ತದೆ.

ಆ ಹುಡುಗನೇನಾದನೆಂದು ತಾವು ಕೇಳುವಿರಿ. ಪವಾಡವೇನೂ ನಡೆಯಲಿಲ್ಲ. ಈಗಲೂ ಪೆನ್ನು ಕಳೆಯುತ್ತಾನೆ; ಈಗಲೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾನೆ. ಕೆಲವು ದಿನ ನನ್ನ ತಾಳ್ಮೆಯೂ ಕೆಟ್ಟಿತು, ಗದರಿದ್ದೂ ಉಂಟು. ೨೦೨೫ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದ. ಕನ್ನಡದ ದಿನ ಹೊರಗೆ ಬಂದವನೇ, 'ಕೊನೇ ಪ್ರಶ್ನೆ ತನಕ ಬರೆದೆ ಸಾರ್' ಎಂದ. ಎಷ್ಟು ಅಂಕ ಬಂದಿತೆಂಬುದು ದೊಡ್ಡದಲ್ಲ, ತೇರ್ಗಡೆಯಾದ. ಗೇಟಿನ ಬಳಿ ಅವನ ತಂದೆ ನಿಂತಿದ್ದ. ಅವನ ಉತ್ತರಪತ್ರಿಕೆಗಳ ಹಿಂದಿನರ್ಧ ನನಗೆ ನೆನಪಾಯಿತು, ಅವನಿಗೂ ನೆನಪಾಗಿರಬೇಕು.

ಮಾನ್ಯರೇ, ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಮಗುವೊಂದು ಇರಬಹುದು. ಅದನ್ನು 'ಮಾಡಲೊಲ್ಲ' ಎಂದು ತೀರ್ಮಾನಿಸುವ ಮೊದಲು, 'ಮಾಡಲಾರನೋ ಏನೋ' ಎಂದು ಒಮ್ಮೆ ಕೇಳಿಕೊಳ್ಳಿರಿ. ಮಗುವನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಅದು ಉತ್ತರ ಹೇಳುತ್ತದೆ. ನಂಬುವುದು ಮಾತ್ರ ನಮಗೆ ಬಿಟ್ಟದ್ದು.